ಮಗಳಿಗೊಂದು ಪತ್ರ: ‘ಎಕ್ಸೈಲ್’ ಕೇಳುವ ಬಗೆ

ಮಗಳೇ,

ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಆಲ್ಬಮ್ ಕಲಸುಮೇಲೋಗರದ ಹಾಗಿದೆ, ಹಾಡಿನ ಮಾತೇ ತಿಳಿಯುವುದಿಲ್ಲ ಎಂದು ಬರೆದಿದ್ದೀಯ. ನಿನ್ನ ಕಿವಿ ಸರಿಯಾಗಿಯೇ ಇದೆ. ಗಾಯಕ ಮಿಕ್ ಜಾಗರ್ ದನಿಯನ್ನು ಮಿಕ್ಸಿಂಗ್‌ನಲ್ಲಿ, ಅಂದರೆ ಎಲ್ಲ ದನಿಗಳನ್ನು ಬೆರೆಸುವಾಗ, ಮುಂದಕ್ಕೆ ತರದೆ ಗಿಟಾರು, ಸ್ಯಾಕ್ಸೊಫೋನುಗಳ ನಡುವೆಯೇ ಬಿಟ್ಟಿದ್ದಾರೆ. ಇದರ ಬಹುಪಾಲು ಮೂಡಿದ್ದು 1971ರ ಬೇಸಿಗೆಯಲ್ಲಿ, ದಕ್ಷಿಣ ಫ್ರಾನ್ಸಿನ ಒಂದು ಬಂಗಲೆಯ ನೆಲಮಾಳಿಗೆಯಲ್ಲಿ. ರೆಕಾರ್ಡಿಂಗ್ ಯಂತ್ರಗಳಿದ್ದ ಲಾರಿ ಹೊರಗೆ ನಿಂತಿತ್ತು. ಒಳಗಿನ ಸೆಕೆಗೆ ಗಿಟಾರಿನ ಶ್ರುತಿ ಪದೇಪದೇ ಜಾರುತ್ತಿತ್ತು. ಆ ಒತ್ತೊತ್ತಾದ ನಾದವೇ ಈ ಆಲ್ಬಮ್ಮಿನ ಜೀವ. ಮಾತು ಹುಡುಕಬೇಡ, ಮೊದಲು ಡ್ರಮ್ಸ್ ಹಿಡಿ.

ಹಾಡುಗಳ ಕ್ರಮ ಕಲಸುವ ಶಫಲ್ ಹಾಕಲೇಬೇಡ. 1972ರಲ್ಲಿ ಬಂದದ್ದು ಎರಡು ಎಲ್‌ಪಿ ತಟ್ಟೆ, ನಾಲ್ಕು ಬದಿ, 18 ಹಾಡು. ಒಂದು ಸಲಕ್ಕೆ ಒಂದೇ ಬದಿ ಕೇಳು: 1ರಿಂದ 5, 6ರಿಂದ 9, 10ರಿಂದ 14, 15ರಿಂದ 18. ಫೋನಿನ ಸ್ಪೀಕರಿನಲ್ಲಿ ಬೇಸ್ ಸತ್ತುಹೋಗುತ್ತದೆ, ಹೆಡ್‌ಫೋನ್ ಬೇಕೇ ಬೇಕು.

ನೀನು ಎರಡನೇ ಬದಿಯಿಂದ ಶುರುಮಾಡು. ಕಂಟ್ರಿ ಸಂಗೀತ ಇರುವುದು ಅಲ್ಲಿ. ‘ಸ್ವೀಟ್ ವರ್ಜೀನಿಯಾ’ದಲ್ಲಿ ಅಕೂಸ್ಟಿಕ್ ಗಿಟಾರು, ಹಾರ್ಮೋನಿಕಾ, ‘ಟಾರ್ನ್ ಅಂಡ್ ಫ್ರೇಡ್’ನಲ್ಲಿ ಆಲ್ ಪರ್ಕಿನ್ಸ್ ನುಡಿಸಿದ ಪೆಡಲ್ ಸ್ಟೀಲ್ ಗಿಟಾರು. ಸ್ವರದಿಂದ ಸ್ವರಕ್ಕೆ ಜಾರುವ ಆ ಎಳೆ ನಿನಗೆ ಬೇಗ ಹಿಡಿಸುತ್ತದೆ. ಬ್ಲೂಸ್‌ಗೆ ನಾಲ್ಕನೇ ಬದಿ. ‘ಸ್ಟಾಪ್ ಬ್ರೇಕಿಂಗ್ ಡೌನ್’ ಅಮೆರಿಕದ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ನನದು. ಒಂದೇ ದನಿ, ಒಂದೇ ಗಿಟಾರಿನ ಅವನ 1937ರ ಧ್ವನಿಮುದ್ರಣ ಮೊದಲು ಕೇಳು, ಆಮೇಲೆ ಇಲ್ಲಿ ತಂಡದ ಗಿಟಾರ್ ವಾದಕ ಮಿಕ್ ಟೇಲರನ ಸ್ಲೈಡ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು) ಕೇಳು.

ಇನ್ನು ನಿನ್ನ ಗಿಟಾರು. ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್‌ನ ಗುಟ್ಟು ಓಪನ್ ಜಿ ಟ್ಯೂನಿಂಗ್ (ಎಲ್ಲೂ ಒತ್ತದೆ ಮೀಟಿದರೇ ಜಿ ಕಾರ್ಡ್ ಬರುವ ಶ್ರುತಿ), ಐದೇ ತಂತಿ. ಆರನೆಯ ದಪ್ಪ ತಂತಿ ಬಿಚ್ಚಿಬಿಡು, ಇಟ್ಟರೆ ಷಡ್ಜದ ಕೆಳಗೆ ಗುಡುಗಿ ಎಲ್ಲವನ್ನೂ ಕೆಡಿಸುತ್ತದೆ. ಐದನೆಯದನ್ನು ಎ ಇಂದ ಜಿಗೆ, ಒಂದನೆಯದನ್ನು ಇ ಇಂದ ಡಿಗೆ ಇಳಿಸು. ಉಳಿದ ಮೂರನ್ನು ಮುಟ್ಟಬೇಡ. ಮೇಲಿನಿಂದ ಕೆಳಕ್ಕೆ ಮೀಟಿದರೆ ಸ‑ಪ‑ಸ‑ಗ‑ಪ. ನಿನ್ನ ಸಂಗೀತದ ಕಿವಿಗೆ ಟ್ಯೂನರೂ ಬೇಡ. ತಂತಿ ಇಳಿಸುವಾಗ ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಮತ್ತೆ ಮೇಲೇರಿಸು, ಇಲ್ಲದಿದ್ದರೆ ನುಡಿಸುತ್ತ ನುಡಿಸುತ್ತ ಶ್ರುತಿ ಇಳಿಯುತ್ತದೆ.

ತೋರುಬೆರಳನ್ನು 5ನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಅಡ್ಡ ಒತ್ತಿದರೆ ಸಿ ಕಾರ್ಡ್, 7ರಲ್ಲಿ ಡಿ. 5ರಲ್ಲಿ ಒತ್ತಿಕೊಂಡೇ ನಡುಬೆರಳನ್ನು ಎರಡನೇ ತಂತಿಯ 6ಕ್ಕೆ, ಉಂಗುರಬೆರಳನ್ನು ನಾಲ್ಕನೆಯದರ 7ಕ್ಕೆ ಇಟ್ಟು ತೆಗೆ. ಸ್ಟೋನ್ಸ್ ತಂಡದ ಗುರುತು ಅದೇ! ಅದು ಕೈಗೆ ಕೂತ ಮೇಲೆ 4ನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ‘ಟಂಬ್ಲಿಂಗ್ ಡೈಸ್’ ಜೊತೆ ನುಡಿಸು. ಕ್ಯಾಪೊ ತಂತಿಗಳನ್ನು ಎಳೆದು ಶ್ರುತಿ ಏರಿಸುತ್ತದೆ, ಹಾಕಿದ ಮೇಲೆ ಇನ್ನೊಮ್ಮೆ ಸರಿಮಾಡಿಕೋ.

ಅಪ್ಪ