ನಿಮ್ಮ ತೋಟದ ಹಲಸು ಏನಾಯ್ತು ಅಂದ್ರೆ

ಪ್ರೀತಿಯ ಗೆಳೆಯ,

ಹೋದ ತಿಂಗಳು ಫೋನ್ ಮಾಡಿದಾಗ ನೀನು ಕೇಳಿದ್ದೆ, "ನಮ್ಮ ಹಲಸಿನ ಮರ ಸೌದೆ ಆಯ್ತಾ, ಇಲ್ಲ ಏನಾದ್ರೂ ಮಾಡಿದ್ರಾ?" ಅಂತ. ಆಗ ನಾನು ಶಿರಾ ಬಸ್ಸಿನಲ್ಲಿ ನಿಂತಿದ್ದೆ, ಸರಿಯಾಗಿ ಹೇಳಲಾಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ನಮ್ಮ ಮರಗೆಲಸದ ಗುಂಪಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೈಯಬೇಡ.

ಗುಂಪು ಅಂದರೆ ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಶೀಟ್ ಶೆಡ್ಡಿನಲ್ಲಿ ಏಳೆಂಟು ಜನ ಸೇರುತ್ತೇವೆ. ಕೆಲಸ ಬಲ್ಲವರು ಒಬ್ಬರೇ, ನಮ್ಮ ಆಚಾರ್ರು. ಉಳಿದವರೆಲ್ಲ ನನ್ನ ಹಾಗೆ ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡವರು. ನಿವೃತ್ತ ಲೈನ್‌ಮನ್ ಒಬ್ಬರು, ಹೈಸ್ಕೂಲ್ ಮೇಷ್ಟ್ರು, ಬ್ಯಾಂಕಿನವರು, ಡಿಗ್ರಿ ಓದುವ ಒಬ್ಬ ಹುಡುಗಿ. ಉಳಿ ಹಿಡಿಯುವುದರಲ್ಲಿ ನಮ್ಮೆಲ್ಲರಿಗಿಂತ ಅವಳ ಕೈ ಚೆನ್ನಾಗಿದೆ.

ಚೇಳೂರಿನಿಂದ ನಿಮ್ಮ ಮರದ ತುಂಡುಗಳು ಬಂದ ದಿನ ನೀನಿರಬೇಕಿತ್ತು. ಹಲಸು ಅಂದರೆ ನಿಮ್ಮ ಕಡೆಯವರ ಜಂಬ ಗೊತ್ತಲ್ಲ. ಹಿರೇಹಳ್ಳಿ ಸಂಶೋಧನಾ ಕೇಂದ್ರದವರು ಹೆಸರು ಮಾಡಿಸಿದ ಕೆಂಪು ತೊಳೆಯ 'ಸಿದ್ದು' ಹಲಸು ಕೂಡ ನಿಮ್ಮ ಚೇಳೂರಿನದೇ. ನಿಮ್ಮ ಮರದ ಹಣ್ಣು ಅಷ್ಟೇನೂ ರುಚಿ ಇರಲಿಲ್ಲ, ನಿಜ ಹೇಳಬೇಕು. ಆದರೆ ಸಾಮಿಲ್‌ನಲ್ಲಿ ಸೀಳಿದಾಗ ಒಳಗೆ ಅರಿಶಿನ ಅರೆದು ಬಳಿದ ಹಾಗಿತ್ತು! ಬಿಸಿಲು, ಗಾಳಿ ತಾಕಿ ಈಗ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ. ತಂಜಾವೂರಿನವರು ವೀಣೆಗೆ ಹಲಸನ್ನೇ ಹುಡುಕುತ್ತಾರಲ್ಲ, ಆಚಾರ್ರು ಹಲಗೆಗೆ ಬೆರಳಿನಿಂದ ಕುಟ್ಟಿ ಸದ್ದು ಕೇಳಿಸಿದ ಮೇಲೆ ಯಾಕೆ ಅಂತ ಗೊತ್ತಾಯಿತು.

ಒಂದೂವರೆ ಇಂಚಿನ ಹಲಗೆ ಮಾಡಿಸಿದೆವು. ಎರಡೂ ತುದಿಗೆ ಹಳೇ ಪೇಂಟ್ ಬಳಿದು, ಮಧ್ಯೆ ಮಧ್ಯೆ ರೀಪರ್ (ಸಣ್ಣ ಮರದ ಪಟ್ಟಿ) ತುಂಡು ಕೊಟ್ಟು, ನೆರಳಲ್ಲಿ ಒಂದರ ಮೇಲೊಂದು ಪೇರಿಸಿದೆವು. ತುದಿಯಿಂದ ನೀರು ಬೇಗ ಆರುತ್ತದೆ, ಅದಕ್ಕೇ ತುದಿ ಮೊದಲು ಸೀಳುತ್ತದೆ. ಹಿಂದಿನವರು ಸಗಣಿ ಬಳಿಯುತ್ತಿದ್ದರಂತೆ. ಆಮೇಲೆ ಕಾಯುವ ಕೆಲಸ. ಇಂಚಿಗೆ ಒಂದು ವರ್ಷ ಅನ್ನೋದು ಆಚಾರ್ರ ಲೆಕ್ಕ.

ನಾನು ಕಾಯಲಿಲ್ಲ. ಆರು ತಿಂಗಳಿಗೇ ಒಂದು ಹಲಗೆ ಎತ್ತಿಕೊಂಡು ಹೋಗಿ ತಂಗಿ ಮಗಳ ಆರತಿಗೆ ಮಣೆ ಮಾಡಿದೆ. ಮೂರು ಭಾನುವಾರ ತೋಪಡ ಹೊಡೆದು ನಯ ಮಾಡಿದ್ದೇನೆ ಕಣೋ. ಕನ್ನಡಿ ಹಾಗಿತ್ತು. ಗಟ್ಟಿಯಾಗಿರಲಿ ಅಂತ ಅಡಿಗೆ ಅಡ್ಡಡ್ಡ ಎರಡು ಪಟ್ಟಿ ಇಟ್ಟು ಫೆವಿಕಾಲ್ ಹಾಕಿ, ಮೇಲೆ ನಾಲ್ಕು ನಾಲ್ಕು ಸ್ಕ್ರೂ ಬಿಗಿದೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದು. ತಂಗಿ ಮನೆಯವರೆಲ್ಲ ಎದ್ದು ಕಳ್ಳ ಅಂತ ಹುಡುಕಿದ್ದಾರೆ. ಬೆಳಿಗ್ಗೆ ನೋಡಿದರೆ ಮಣೆ ಉದ್ದಕ್ಕೆ ಎರಡು ಹೋಳು.

ಆಚಾರ್ರು ಹೋಳುಗಳನ್ನು ತಿರುಗಿಸಿ ನೋಡಿದರು. "ಕಟ್ಟಿಹಾಕಿ ಬಿಟ್ಟಿದ್ದೀರಲ್ಲ ಸ್ವಾಮಿ, ಅದು ಎಲ್ಲಿಗೆ ಹೋಗಬೇಕು?" ಅಂದರು. ಮರ ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನಬಹುದು, ಕುಗ್ಗೋದೆಲ್ಲ ಅಗಲಕ್ಕೆ. ಅಡ್ಡಪಟ್ಟಿ ಅಲುಗುವುದಿಲ್ಲ, ಹಲಗೆ ಕುಗ್ಗಬೇಕು ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹಲಗೆ ಸೀಳಿತು. ಈಗ ಪಟ್ಟಿಯಲ್ಲಿ ಸ್ಕ್ರೂ ತೂತನ್ನು ಸ್ವಲ್ಪ ಉದ್ದಕ್ಕೆ ಕೊರೆಯುತ್ತೇನೆ, ಸ್ಕ್ರೂ ಸರಿದಾಡಲು ಜಾಗ ಸಿಗುತ್ತದೆ. ಅಂಟಂತೂ ಮುಟ್ಟುವುದಿಲ್ಲ.

ಕಾದವರ ಕೆಲಸ ಚೆನ್ನಾಗಿ ಬಂತು. ಲೈನ್‌ಮನ್ ಅಳಗುಳಿಮಣೆ ಮಾಡಿದರು, ಏಳೇಳರಂತೆ 14 ಗುಳಿ. ಉಳಿಯಲ್ಲಿ ತೋಡಿ, ಉಪ್ಪು ಕಾಗದ ಉಜ್ಜಿ ಉಜ್ಜಿ ಉಗುರು ಸವೆಸಿಕೊಂಡರು. ಗುಳಿಗೆ ನಾಲ್ಕು ಹುಣಸೆ ಬೀಜವೋ ಐದೋ ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಬ್ಯಾಂಕಿನವರು ಚನ್ನಪಟ್ಟಣಕ್ಕೆ ಹೋಗಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಆ ಬಿಸಿಗೇ ಬಣ್ಣ ಕರಗಿ ಕೂರುವುದನ್ನು ನೋಡಿ ಬಂದು, ಪುಟ್ಟ ಲೇಥ್ ತರಿಸಿದ್ದಾರೆ. ಬುಗುರಿ ಮಾಡುತ್ತಾರೆ. ಒಂದೂ ನೆಟ್ಟಗೆ ತಿರುಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೇಷ್ಟ್ರ ಶ್ಯಾವಿಗೆ ಒರಳು. ಅವರ ತಾಯಿ ಕಾಲದ್ದು, ಗೆದ್ದಲು ಹತ್ತಿ ಎರಡು ಕಾಲು ಹೋಗಿತ್ತು. ಹೊಸ ಕಾಲು ನಿಮ್ಮ ಹಲಸಿನದು. ಮೊಳೆ ಇಲ್ಲ, ಅಂಟಿಲ್ಲ. ಮೇಲಿನ ದಿಮ್ಮಿಯಲ್ಲಿ ತೂತು, ಕಾಲಿನ ತುದಿಯಲ್ಲಿ ನಾಲಿಗೆ, ಕೊಡತಿಯಲ್ಲಿ ನಾಲ್ಕು ಏಟು. ಪರೀಕ್ಷೆ ಆಗಲಿ ಅಂತ ಮೇಷ್ಟ್ರ ಮನೆಯವರು ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿ ಶೆಡ್ಡಿಗೇ ತಂದರು. ಉಂಡೆ ಆರಿದರೆ ಶ್ಯಾವಿಗೆ ಇಳಿಯುವುದಿಲ್ಲ, ಅವಸರ. ಮೇಷ್ಟ್ರು ಹಿಡಿಯ ಮೇಲೆ ಭಾರ ಬಿಟ್ಟರೆ ಒರಳಿನ ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತು! ಲೈನ್‌ಮನ್ ಓಡಿಹೋಗಿ ಆ ಕಾಲಿನ ಮೇಲೆ ಕೂತರು. ಹಾಗೇ ಕೂತಿದ್ದಾಗ ಎಳೆ ಎಳೆಯಾಗಿ ಶ್ಯಾವಿಗೆ ಇಳಿಯಿತು. ಹೊಟ್ಟು ಗುಡಿಸಿ, ಕಾಯಿಹಾಲು ಹಾಕಿಕೊಂಡು ಎಲ್ಲರೂ ತಿಂದೆವು. ಆ ಕಾಲು ಅರ್ಧ ಬೆರಳು ಗಿಡ್ಡ ಆಗಿತ್ತಂತೆ. ಅಳತೆ ತಪ್ಪಿದ್ದು ಯಾರು ಅಂತ ಕೇಳಬೇಡ.

ನಷ್ಟವೂ ಆಯಿತು. ಹಲಗೆಯ ಅಂಚಿನ ಬೆಳ್ಳಗಿನ ಭಾಗಕ್ಕೆ ಕುಟ್ಟೆ ಹಿಡಿದು ಹಿಟ್ಟು ಉದುರಿತು. ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಹುಳು ಬಾಯಿ ಹಾಕಲಿಲ್ಲ.

ಇನ್ನೊಂದು ವಿಷಯ. ಸೀಳುವಾಗ ಸಾಮಿಲ್ ಬ್ಲೇಡು ಕಿರ್ ಅಂತ ಕಿರುಚಿ ಎರಡು ಹಲ್ಲು ಹಾರಿತು. ಮರದೊಳಗೆ ಮೂರಿಂಚಿನ ಮೊಳೆ. ಏಳನೇ ಕ್ಲಾಸಿನ ಬೇಸಿಗೆಯಲ್ಲಿ ನಿಮ್ಮಜ್ಜನ ಕಣ್ಣು ತಪ್ಪಿಸಿ ಟ್ರಾನ್ಸಿಸ್ಟರ್ ನೇತುಹಾಕಲು ಹೊಡೆದಿದ್ದೆವಲ್ಲ, ಅದೇ. ಮರ ಅದನ್ನು ನುಂಗಿಕೊಂಡು ಮೇಲೆ ನಾಲ್ಕು ಬೆರಳು ದಪ್ಪ ಬೆಳೆದಿತ್ತು. ಸಾಮಿಲ್‌ನವರು ಬ್ಲೇಡಿನ ದುಡ್ಡು ಕೇಳಿದರು, ಕೊಟ್ಟೆ. ಅರ್ಧ ನಿನ್ನ ಲೆಕ್ಕಕ್ಕೆ ಬರೆದಿದ್ದೇನೆ.

ಮೊಳೆಯ ಸುತ್ತ ತುಕ್ಕಿಗೆ ಮರ ಕಪ್ಪಾಗಿದೆ, ಹೊಗೆ ಎದ್ದ ಹಾಗೆ. ಆ ಹಲಗೆಯನ್ನು ಯಾರಿಗೂ ಕೊಟ್ಟಿಲ್ಲ. ಐದಡಿ ಉದ್ದ, ಒಂದಡಿ ಅಗಲ, ಈಗ ಪೂರ್ತಿ ಒಣಗಿದೆ. ಗೋಡೆಗೆ ಶೆಲ್ಫ್ ಬೇಕೋ, ಕೂರಲು ಮಣೆ ಬೇಕೋ ನೀನೇ ಹೇಳು. ಟೇಪ್ ಹಿಡಿದು ಅಳತೆ ಕಳಿಸು, ಅಂದಾಜಿನಲ್ಲಿ ಬೇಡ.

ನಿನ್ನ,
ಮೊಳೆ ಹಿಡಿದುಕೊಂಡಿದ್ದವನು (ಹೊಡೆದವನು ನೀನು)