ಬಟ್ಟೆ ಒಣಹಾಕಲು ಟೆರೇಸ್ ತೆರೆದುಕೊಡಿ

ಮಾನ್ಯರೇ,

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು, ಕಟ್ಟಡದ ಅಂದ ಕೆಡುತ್ತದೆ ಎಂದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ನೋಟಿಸ್ ಅಂಟಿಸಿದ್ದಾರೆ. ಟೆರೇಸಿಗೆ ಮೊದಲಿಂದಲೂ ಬೀಗ. ‘ಡ್ರೈಯರ್ ತಗೊಳ್ಳಿ ಆಂಟಿ’ ಎಂಬುದು ಸಂಘದವರು ಕೊಟ್ಟ ಸಲಹೆ.

ನಾನು ತೀರ್ಥಹಳ್ಳಿ ಕಡೆಯವಳು. ಆಷಾಢದಲ್ಲಿ ಬಚ್ಚಲೊಲೆಯ ಮೇಲಿನ ಗಳುವಿಗೆ ಬಟ್ಟೆ ಹರವಿ, ಹೊಗೆ ನಾರುವ ಲಂಗ ಉಟ್ಟು ಶಾಲೆಗೆ ಹೋದವಳು. ಮಳೆ ಸ್ವಲ್ಪ ಹೊಳವಾದರೆ ಸಾಕು, ಅಮ್ಮ ಇದ್ದ ಕೆಲಸ ಬಿಟ್ಟು ಬಟ್ಟೆಯ ರಾಶಿ ಹೊತ್ತು ಅಂಗಳಕ್ಕೆ ಓಡುತ್ತಿದ್ದಳು. ಬೆಂಗಳೂರಿಗೆ ಬಂದಾಗ ಇಲ್ಲಿನ ಬಿಸಿಲು, ಗಾಳಿ ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒದ್ದೆ ಕಾಟನ್ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಒಮ್ಮೆ ಕೊಡವಬೇಕು. ತುಂತುರು ಮುಖಕ್ಕೆ ಹಾರುತ್ತದೆ, ಅರ್ಧ ಸುಕ್ಕು ಅಲ್ಲೇ ಬಿಡುತ್ತದೆ. ಅಂಚಿಗೆ ಅಂಚು ಕೂಡಿಸಿ ಹಗ್ಗದ ಮೇಲೆ ಎಳೆದು ಹರವಿದರೆ ಇಸ್ತ್ರಿಯ ಕೆಲಸ ಮುಕ್ಕಾಲು ಮುಗಿಯಿತು. ಬಣ್ಣದ್ದನ್ನು ಒಳಮೈ ಹೊರಗೆ ಮಾಡಿ ನೆರಳಿಗೆ, ಬಿಳಿಯದನ್ನು ನೇರ ಬಿಸಿಲಿಗೆ. ಅಂಗಿಗೆ ಭುಜದಲ್ಲಿ ಕ್ಲಿಪ್ ಹಾಕಬಾರದು, ಕೆಳಗಿನ ಅಂಚಿಗೆ ಹಾಕಬೇಕು. ಕಬ್ಬಿಣದ ತಂತಿಯಂತೂ ಬೇಡವೇ ಬೇಡ, ತುಕ್ಕಿನ ಗೆರೆ ಬಿದ್ದರೆ ಹೋಗುವುದಿಲ್ಲ. ಗಂಜಿ ಹಾಕಿದ ಪಂಚೆ ಮಧ್ಯಾಹ್ನದ ಹೊತ್ತಿಗೆ ಖಡಕ್ಕಾಗಿ ನಿಂತದ್ದನ್ನು ನೋಡುವುದೇ ಒಂದು ಖುಷಿ.

ಆಮೇಲೆ ಆ ಪರಿಮಳ! ಒಣಗಿದ ಟವೆಲನ್ನು ಮುಖಕ್ಕೆ ಒತ್ತಿಕೊಳ್ಳದೆ ಮಡಚಿಡುವುದು ನನ್ನಿಂದಾಗದು. ಇದು ಬರೀ ಭ್ರಮೆಯಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಒದ್ದೆ ಟವೆಲುಗಳನ್ನು ಬಿಸಿಲಲ್ಲಿ, ಹೊರಗಿನ ನೆರಳಲ್ಲಿ, ಕೋಣೆಯೊಳಗೆ ಬೇರೆಬೇರೆಯಾಗಿ ಒಣಗಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿಲಿನಲ್ಲಿ ಒಣಗಿದ ಬಟ್ಟೆಯಲ್ಲಿ ಆಲ್ಡಿಹೈಡ್, ಕೀಟೋನ್‌ಗಳೆಂಬ ಸುವಾಸನೆಯ ಅಂಶಗಳು ಹುಟ್ಟಿದ್ದವು. ಅವುಗಳಲ್ಲೊಂದಾದ ಪೆಂಟನಾಲ್ ಏಲಕ್ಕಿಯಲ್ಲೂ ಇದೆಯಂತೆ. ಓದಿ ಮಲೆನಾಡಿನವಳಾದ ನನಗೆ ಬಹಳ ಹಿತವಾಯಿತು.

ಡ್ರೈಯರ್ ಗಂಟೆಗೆ ಸುಮಾರು 2 ಯೂನಿಟ್ ಕರೆಂಟ್ ತಿನ್ನುತ್ತದೆ. ಅದರ ಜಾಲರಿಯಲ್ಲಿ ಕೂರುವ ನವಿರಾದ ಧೂಳು ನಮ್ಮ ಬಟ್ಟೆಯ ನೂಲೇ, ಸವೆದು ಬಂದದ್ದು. ಆಷಾಢದ ತೀರ್ಥಹಳ್ಳಿಯಲ್ಲಾದರೆ ಅದು ಬೇಕು, ಒಪ್ಪುತ್ತೇನೆ. ವರ್ಷದ ಬಹುಪಾಲು ಬಿಸಿಲಿರುವ ಈ ಊರಿನಲ್ಲಿ ಕಡ್ಡಾಯವಾಗಬೇಕೇ? ಅಮೆರಿಕದ ಫ್ಲಾರಿಡಾ, ವರ್ಮಾಂಟ್ ರಾಜ್ಯಗಳಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ನಿಷೇಧಿಸದಂತೆ ಕಾನೂನೇ ಇದೆ.

ಅಪಾರ್ಟ್‌ಮೆಂಟ್ ಸಂಘಗಳವರಲ್ಲಿ ನನ್ನ ಕೋರಿಕೆ ಇಷ್ಟೇ: ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಟೆರೇಸಿನ ಬೀಗ ತೆಗೆಯಿರಿ. ನೀರಿನ ಟ್ಯಾಂಕ್, ಸೋಲಾರ್ ಬಿಟ್ಟು ಉಳಿದ ಜಾಗದಲ್ಲಿ ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿಸಿ. ಅದೂ ಆಗದಿದ್ದರೆ, ಬಾಲ್ಕನಿಯಲ್ಲಿ ಕಂಬಿಗಿಂತ ಕೆಳಮಟ್ಟದಲ್ಲಿ ಸ್ಟ್ಯಾಂಡ್ ಇಡಲಾದರೂ ಬಿಡಿ.

– ಓರ್ವ ಓದುಗಿ, ವಿಜಯನಗರ, ಬೆಂಗಳೂರು