ಹಳೇ ಪೆಟ್ರೋಲ್ ಬಂಕ್ ಜಾಗಗಳಿಗೆ ಇನ್ಮೇಲೆ ಬರೀ ಮಣ್ಣಿನ ರಿಪೋರ್ಟ್ ಇಲ್ಲ

ನಮ್ಮ ಎಲ್ಲಾ ಗ್ರಾಹಕರಿಗೆ ನಮಸ್ಕಾರ,

ವಿಷಯ ನೇರವಾಗೇ ಹೇಳ್ಬಿಡ್ತೀವಿ. ಮುಚ್ಚಿಹೋದ ಪೆಟ್ರೋಲ್ ಬಂಕ್ ಜಾಗಗಳಿಗೆ ಒಂದೇ ವಿಸಿಟ್‌ನಲ್ಲಿ ಮಣ್ಣಿನ ಸ್ಯಾಂಪಲ್ ತೆಗೆದು, ಪೆಟ್ರೋಲ್ ಸೋರಿ ಜಾಗ ಕೆಟ್ಟಿದ್ಯಾ ಅಂತ ರಿಪೋರ್ಟ್ ಕೊಡೋ ಪ್ಯಾಕೇಜ್ ಇತ್ತಲ್ಲ, ಅದನ್ನ ನಿಲ್ಲಿಸ್ತಾ ಇದೀವಿ. ಇನ್ಮೇಲೆ ಬಂಕ್ ಜಾಗ ಅಂದ್ರೆ ಮಣ್ಣು, ಅಂತರ್ಜಲ ಎರಡೂ ಸೇರೇ ತನಿಖೆ, ಕಮ್ಮಿ ಅಂದ್ರೂ 3 ಮಾನಿಟರಿಂಗ್ ಬೋರ್ (ಅಂತರ್ಜಲದ ಮಟ್ಟ ನೋಡೋಕೆ, ಸ್ಯಾಂಪಲ್ ತೆಗೆಯೋಕೆ ಕೊರೆಯೋ ಬೋರ್), ನೀರಿನ ಸ್ಯಾಂಪಲ್ 2 ಸಲ, ನೀರಿನ ಮಟ್ಟ ಮೇಲಿದ್ದಾಗ ಒಂದ್ಸಲ, ಕೆಳಗಿಳಿದಾಗ ಇನ್ನೊಂದ್ಸಲ. ಟೈಮ್ ಜಾಸ್ತಿ ಹಿಡಿಯತ್ತೆ, ಖರ್ಚೂ ಜಾಸ್ತಿನೇ, ಅದನ್ನ ಮುಚ್ಚಿಡೋಕೆ ಹೋಗಲ್ಲ.

ಯಾಕೆ ಅಂತ ಕೇಳೇ ಕೇಳ್ತೀರ. ಪೆಟ್ರೋಲ್ ನೀರಿಗಿಂತ ಹಗುರ, ಲೀಕ್ ಆದದ್ದು ಸುಮಾರಾಗಿದ್ರೆ ಮಣ್ಣಲ್ಲಿ ಇಳೀತಾ ಇಳೀತಾ ಹೋಗಿ ಅಂತರ್ಜಲದ ಮೇಲೆ ಪದರ ಥರ ಕೂರತ್ತೆ, ಬೇಸಿಗೇಲಿ ನೀರು ಇಳಿದ್ರೆ ಅದೂ ಇಳಿಯತ್ತೆ, ಮಳೆ ಬಿದ್ದು ನೀರು ಏರಿದ್ರೆ ಅದೂ ಸ್ವಲ್ಪ ಏರತ್ತೆ, ಹೀಗೆ ವರ್ಷಗಟ್ಟಲೆ ಏರಿಳಿದು ನಡುವಿನ ಮಣ್ಣಿಗೆಲ್ಲ ಬಳ್ಕೊಂಡಿರತ್ತೆ. ಮೇಲಿನ ಒಂದೆರಡು ಅಡಿ ಮಣ್ಣು ಎಷ್ಟೇ ಚೆನ್ನಾಗಿ ಕಂಡ್ರೂ ಕೆಳಗಿನ ಕತೆನೇ ಬೇರೆ ಇರಬಹುದು. ನೀರು ಮೇಲಿರೋ ಟೈಮಲ್ಲಿ ಎಷ್ಟೋ ಎಣ್ಣೆ ಮಣ್ಣಿನ ಸಂದಿಲಿ ನೀರಿನ ಕೆಳಗೇ ಸಿಕ್ಕಾಕೊಂಡಿರತ್ತೆ, ಬೋರ್‌ಗೆ ಎಣ್ಣೆ ಪದರ ಪತ್ತೆ ಮಾಡೋ ಪ್ರೋಬ್ ಇಳಿಸಿದ್ರೆ ಏನೂ ತೋರಿಸಲ್ಲ, ಅದೇ ಬೋರ್‌ನಲ್ಲಿ ನೀರು ಇಳಿದ್ಮೇಲೆ ನೋಡಿದ್ರೆ ಎಣ್ಣೆ ಬಂದು ನಿಂತಿರತ್ತೆ! ಎರಡು ಸಲ ಬೇಕು ಅಂತ ನಾವು ಹಠ ಹಿಡಿತಿರೋದು ಇದಕ್ಕೇ.

ಇನ್ನು ನೀರಲ್ಲಿ ಕರಗೋ ಭಾಗ. ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಜೈಲೀನ್, ಈ ನಾಲ್ಕನ್ನೂ ಸೇರಿಸಿ ಬಿಟೆಕ್ಸ್ ಅಂತೀವಿ, ಇದ್ರಲ್ಲಿ ತಲೆನೋವು ಬೆಂಜೀನ್‌ದು, ಅದು ಕ್ಯಾನ್ಸರ್ ತರೋ ಕೆಮಿಕಲ್. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಹೇಳಿರೋ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಪೆಟ್ರೋಲ್‌ನಲ್ಲಿ ಬೆಂಜೀನ್ ಬರೀ 1% ಇದೆ ಅಂತಿಟ್ಕೊಂಡ್ರೂ ಒಂದು ಲೀಟರಲ್ಲಿ ಸುಮಾರು 7 ಗ್ರಾಂ ಆಯ್ತು, ಅಷ್ಟು ಪೂರ್ತಿ ಕರಗಿದ್ರೆ 7 ಲಕ್ಷ ಲೀಟರ್ ನೀರನ್ನ ಆ ಮಿತಿಗೆ ತಂದು ನಿಲ್ಲಿಸೋಕೆ ಸಾಕು. ಇದು ಕಾಗದದ ಮೇಲಿನ ಲೆಕ್ಕ, ನೆಲದಲ್ಲಿ ಒಂದಷ್ಟು ಆವಿಯಾಗತ್ತೆ, ಒಂದಷ್ಟನ್ನ ಬ್ಯಾಕ್ಟೀರಿಯಾ ತಿಂದು ಮುಗಿಸತ್ತೆ, ಆದ್ರೂ "ಸ್ವಲ್ಪ ಲೀಕ್ ಅಷ್ಟೇ" ಅನ್ನೋ ಮಾತು ಕೇಳ್ದಾಗೆಲ್ಲ ನಮಗೆ ಈ ಲೆಕ್ಕನೇ ನೆನಪಾಗೋದು. ಹಳೇ ಪೆಟ್ರೋಲ್‌ಗೆ ಚೆನ್ನಾಗಿ ಉರೀಲಿ ಅಂತ ಎಂಟಿಬಿಇ ಅನ್ನೋ ಕೆಮಿಕಲ್ ಬೆರೆಸಿದ್ರಂತೂ ಅದು ಮಣ್ಣಿಗೆ ಅಂಟದೆ ನೀರಿನ ಜೊತೆನೇ ದೂರ ಹೋಗ್ಬಿಡತ್ತೆ.

"ವಾಸನೆನೇ ಬರಲ್ಲ ಸಾರ್" ಅಂತ ತುಂಬಾ ಜನ ಹೇಳ್ತಾರೆ. ನೀರಲ್ಲಿರೋ ಬೆಂಜೀನ್ ಮೂಗಿಗೆ ಗೊತ್ತಾಗೋ ಹೊತ್ತಿಗೆ ಮಿತಿ ಎಷ್ಟೋ ಪಟ್ಟು ದಾಟಿರತ್ತೆ, ಹಂಗಾಗಿ ಮೂಗನ್ನ ನಂಬ್ಕೊಂಡು ಸೈಟ್ ತಗೋಬೇಡಿ. ಇನ್ನೊಂದು, "ಟ್ಯಾಂಕ್ ಕಿತ್ತಾಕಿ ಆಯ್ತಲ್ಲ". ಲೀಕ್ ಟ್ಯಾಂಕ್‌ನಿಂದಲೇ ಆಗ್ಬೇಕು ಅಂತೇನಿಲ್ಲ, ಪೈಪ್ ಜಾಯಿಂಟು, ಡಿಸ್ಪೆನ್ಸರ್ ಅಡಿಭಾಗ, ಟ್ಯಾಂಕರ್ ಲೋಡ್ ಇಳಿಸೋ ಫಿಲ್ ಪಾಯಿಂಟ್, ಇಲ್ಲೆಲ್ಲ ತೊಟ್ಟು ತೊಟ್ಟಾಗಿ ಸೋರಿರತ್ತೆ.

ಬೋರ್ 3 ಯಾಕೆ ಅಂದ್ರೆ ನೀರು ಯಾವ ಕಡೆ ಹರೀತಿದೆ ಅಂತ ಗೊತ್ತಾಗೋಕೆ ಒಂದೇ ಗೆರೇಲಿ ಇಲ್ದಿರೋ ಮೂರು ಕಡೆ ಮಟ್ಟ ಬೇಕೇ ಬೇಕು, ಎರಡರಲ್ಲಿ ಹೇಳಕ್ಕಾಗಲ್ಲ.

ಸ್ಯಾಂಪಲ್ ತೆಗೆಯೋ ರೀತಿನೂ ಬದಲಾಗ್ತಿದೆ. ಬೈಲರ್ (ಹಗ್ಗ ಕಟ್ಟಿ ಬೋರ್‌ಗೆ ಬಿಡೋ ಕೊಳವೆ) ಇಳಿಸಿ ಎಳೆದ್ರೆ ನೀರು ಕಲಕತ್ತೆ, ಬೆಂಜೀನ್ ಗಾಳಿಗೆ ಹಾರೋಗತ್ತೆ, ಅದಕ್ಕೇ ನಿಮಿಷಕ್ಕೆ ಅರ್ಧ ಲೀಟರ್‌ಗಿಂತ ಕಮ್ಮಿ ಎಳೆಯೋ ಪಂಪ್ ಬಳಸ್ತೀವಿ. 40 ಎಂಎಲ್ ಗಾಜಿನ ಬಾಟ್ಲಿಗೆ ನೀರು ಕಂಠ ಮಟ್ಟ ತುಂಬಿಸಿ, ಮುಚ್ಚಳ ಹಾಕಿ, ತಲೆಕೆಳಗೆ ಮಾಡಿ ಬೆರಳಲ್ಲಿ ತಟ್ಟಿ ನೋಡ್ತೀವಿ, ಗುಳ್ಳೆ ಕಂಡ್ರೆ ಅದನ್ನ ಬಿಸಾಕಿ ಹೊಸ ಬಾಟ್ಲಿ. ಸೈಟಲ್ಲಿ ನಿಂತು ನೋಡೋರಿಗೆ "ಏನಪ್ಪ ಇದು ಇಷ್ಟು ನಿಧಾನ" ಅನ್ಸತ್ತೆ, ಇರ್ಲಿ.

ರಿಪೋರ್ಟಲ್ಲಿ "ಜಾಗ ಕ್ಲೀನ್ ಇದೆ" ಅಂತ ಒಂದು ಲೈನ್ ಬರೆದುಕೊಡಿ ಅಂತ ಮಾರೋರೂ ಕೇಳ್ತಾರೆ, ಕೊಳ್ಳೋರೂ ಕೇಳ್ತಾರೆ. ಆ ಲೈನ್ ಇರಲ್ಲ. ಯಾವ ಬೋರ್, ಎಷ್ಟು ಆಳ, ಯಾವ ದಿನ, ಏನು ಸಿಕ್ತು, ಏನು ಸಿಗ್ಲಿಲ್ಲ, ಲ್ಯಾಬ್ ಎಷ್ಟು ಸಣ್ಣ ಪ್ರಮಾಣದವರೆಗೆ ಅಳೀಬಲ್ಲದು, ಇಷ್ಟು ಇರತ್ತೆ.

ಈಗಾಗಲೇ ಕೆಲಸ ಶುರುವಾಗಿರೋರಿಗೆ ಹಳೇ ಒಪ್ಪಂದನೇ, ಏನೂ ಬದಲಾವಣೆ ಇಲ್ಲ, ನೀರಿನ ಟೆಸ್ಟ್ ಸೇರಿಸ್ಕೋಬೇಕು ಅಂದ್ರೆ ಒಂದು ಫೋನ್ ಮಾಡಿ. ಹೊಸದಾಗಿ ಬರೋರು ಬಂಕ್‌ನ ಹಳೇ ಲೇಔಟ್ ಡ್ರಾಯಿಂಗ್, ಸ್ಟಾಕ್ ರಿಜಿಸ್ಟರ್ ಏನಿದ್ರೂ ಮೊದ್ಲೇ ಕಳಿಸಿ. ಏನೂ ಇಲ್ಲ ಅಂದ್ರೆ ಅಲ್ಲಿ ಮುಂಚೆ ಕೆಲಸ ಮಾಡಿದೋರನ್ನ ಯಾರನ್ನಾದ್ರೂ ಹುಡುಕಿ ಕೊಡಿ, ಟ್ಯಾಂಕ್ ಎಲ್ಲಿತ್ತು, ಪೈಪ್ ಯಾವ ಕಡೆ ಹೋಗಿತ್ತು, ಯಾವಾಗ ರಿಪೇರಿಗೆ ಅಗೆದಿದ್ರು ಅನ್ನೋದನ್ನ ಅವರು ತೋರಿಸಿದ್ರೆ ಬೋರ್ ಎಲ್ಲಿ ಹಾಕ್ಬೇಕು ಅನ್ನೋದು ಅರ್ಧ ಅಲ್ಲೇ ಗೊತ್ತಾಗತ್ತೆ.